ಕೊಡೆ ಒಂದು ಕೈಗೆ, ಕೋಲು ಇನ್ನೊಂದಕ್ಕೆ

ಆರ್ಕಿಟೆಕ್ಚರ್ ವಿಭಾಗದ ನೋಟಿಸ್ ಬೋರ್ಡಿನಲ್ಲಿ ವಿದ್ಯಾರ್ಥಿ ವಿನ್ಯಾಸ ಸ್ಪರ್ಧೆಗಳ ಪೋಸ್ಟರಿಗೆ ಯಾವತ್ತೂ ಬರ ಇರಲಿಲ್ಲ. ಹೆಚ್ಚಿನವರಿಗೆ ಮ್ಯೂಸಿಯಂ ಬೇಕು, ಇಲ್ಲವೇ ಎತ್ತರದ ಕಟ್ಟಡ ಬೇಕು. ನಮ್ಮ ನಾಲ್ಕನೇ ವರ್ಷದಲ್ಲಿ ಬಂದ ಒಂದು ಪೋಸ್ಟರ್ ಬೇರೆ ಥರ ಇತ್ತು. ಅಂಗವಿಕಲರು, ವಯಸ್ಸಾದವರು ಸೇರಿ ಎಲ್ಲರೂ ಬಳಸುವಂಥದ್ದನ್ನು ಮಾಡಿ ಕಳಿಸಿ ಅಂತ ಕೇಳಿತ್ತು. ಅರ್ಜಿಯ ಒಂದು ಪೂರ್ತಿ ಪುಟ ಒಂದೇ ಪ್ರಶ್ನೆಗೆ ಮೀಸಲು: ಇದನ್ನು ಬಳಸುವವರು ಯಾರು, ಅವರು ನಿಮ್ಮ ಜೊತೆ ಯಾವಾಗ ಕೂತರು?

ನಮ್ಮ ಸರ್ ಆ ಪುಟವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. "ಡ್ರಾಯಿಂಗ್ ಆಮೇಲೆ. ಮೊದಲು ಈ ಪುಟ ತುಂಬಿಸಿ" ಅಂದರು. ಐದು ವರ್ಷದ ಕೋರ್ಸಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪಾಠ ಅದೇ.

ಈಗ ಇಲ್ಲೇ ಓದುತ್ತಿರುವ ನಿಮಗೆ ನಮ್ಮ ಕ್ಯಾಂಪಸ್ ಗೊತ್ತು. ಮಂಗಳೂರಿನ ಎಷ್ಟೋ ಜಾಗಗಳ ಹಾಗೆ ಗುಡ್ಡ ಕಡಿದು ಮಾಡಿದ್ದು. ಒಂದು ಬ್ಲಾಕಿನ ನೆಲ ಇನ್ನೊಂದರ ಮಟ್ಟಕ್ಕೆ ಬರುವುದಿಲ್ಲ. ಎಲ್ಲಿ ನೋಡಿದರೂ ಕೆಂಪುಕಲ್ಲಿನ ಮೆಟ್ಟಿಲು. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ. ಆಗ ಬಿ.ಎ. ಓದುತ್ತಿದ್ದ, ಕಣ್ಣು ಕಾಣದ ಒಬ್ಬ ಹುಡುಗಿ ದಿನಾ ಲೈಬ್ರರಿಗೆ ಹೋಗುತ್ತಿದ್ದಳು. ನಮ್ಮ ತಂಡ ಅವಳ ಜೊತೆ ನಡೆಯಲು ಶುರು ಮಾಡಿತು.

"ಬೇಸಿಗೆಯಲ್ಲಿ ಎಂತ ತೊಂದರೆ ಇಲ್ಲ" ಅಂದಳು. "ಮಳೆ ಬಂದ್ರೆ ಶೀಟಿನ ಸದ್ದಿಗೆ ಎಂತದೂ ಕೇಳುದಿಲ್ಲ ಮಾರಾಯ್ರೆ. ಗೋಡೆ ಎಲ್ಲಿ ಮುಗೀತದೆ ಅಂತ ಗೊತ್ತಾಗುದಿಲ್ಲ. ಒಂದು ಕೈಲಿ ಕೊಡೆ, ಇನ್ನೊಂದ್ರಲ್ಲಿ ಕೋಲು. ನೀವು ರೇಲಿಂಗ್ ಹಾಕಿದ್ರೆ ನಾನು ಹಿಡಿಯುದು ಯಾವ ಕೈಲಿ?"

ಕೋಲು ತಟ್ಟಿದ ಸದ್ದು, ಗೋಡೆಯಿಂದ ಬರುವ ಮಾರ್ದನಿ, ಜನರ ಮಾತು, ಇವೆಲ್ಲ ಅವಳಿಗೆ ದಾರಿಯ ಗುರುತು. ನಮ್ಮ ಊರಿನ ಮಳೆ ಅದನ್ನೆಲ್ಲ ಅಳಿಸಿಬಿಡುತ್ತಿತ್ತು. ಆ ಮಾತು ಕೇಳಿದ ಮೇಲೆ ನಮ್ಮ ಕೆಲಸ ತಾನಾಗಿ ದಾರಿಗೆ ಬಂತು. ದಾರಿಯ ಮೇಲೆ ಮಾಡು (ಚಾವಣಿ) ಬೇಕು, ಆಗ ಕೊಡೆ ಹಿಡಿದ ಕೈ ಬಿಡುವಾಗುತ್ತದೆ. ಆ ಮಾಡು ತಗಡಿನದ್ದಾಗಬಾರದು. ಮಂಗಳೂರು ಹೆಂಚಿನ ಮೇಲೆ ಬೀಳುವ ಮಳೆಗೆ ಅಷ್ಟು ಸದ್ದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಊರಿನಲ್ಲಿ ಇದಕ್ಕೆ ಬೇರೆ ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ನೆಲಕ್ಕೆ ಉಬ್ಬು ಟೈಲ್ಸ್. ಉದ್ದ ಗೆರೆ ಇದ್ದರೆ ಮುಂದೆ ಹೋಗು, ಚುಕ್ಕಿ ಇದ್ದರೆ ನಿಲ್ಲು ಅಥವಾ ಎಚ್ಚರ. ಜಪಾನಿನ ಸೇಯಿಚಿ ಮಿಯಾಕೆ ಕಂಡುಹಿಡಿದದ್ದು. 1967ರಲ್ಲಿ ಒಕಾಯಾಮಾ ಊರಿನ ರಸ್ತೆಯಲ್ಲಿ ಮೊದಲು ಹಾಕಿದರು. ಈಗ ನಮ್ಮ ಫುಟ್‌ಪಾತುಗಳಲ್ಲೂ ಹಳದಿ ಟೈಲ್ಸ್ ಕಾಣುತ್ತೇವೆ. ಕೆಲವು ಕಡೆ ಅದು ನೇರ ಕರೆಂಟ್ ಕಂಬಕ್ಕೆ ಕರೆದುಕೊಂಡು ಹೋಗುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅದನ್ನು ನಂಬಿ ನಡೆಯುವವರನ್ನು ಯಾರೂ ಕೇಳಿರುವುದಿಲ್ಲ.

ರ‍್ಯಾಂಪಿನ ಲೆಕ್ಕ, ಅಂದರೆ ಮೆಟ್ಟಿಲಿನ ಬದಲು ಹಾಕುವ ಇಳಿಜಾರು ದಾರಿಯ ಲೆಕ್ಕ, ಸುಲಭ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೂರೇ ಮೆಟ್ಟಿಲು ಅಂದರೂ ಸುಮಾರು 45 ಸೆಂಟಿಮೀಟರ್, ಅದಕ್ಕೆ 5.4 ಮೀಟರ್ ಬೇಕು. ಜಾಗ ಉಳಿಸಲು ಕಡಿದಾಗಿ ಮಾಡಿದರೆ ಗಾಲಿಕುರ್ಚಿಯವರಿಗೆ ಅದು ಇದ್ದೂ ಇಲ್ಲದ ಹಾಗೆ.

ಮಾಡೆಲನ್ನು ಬೆರಳಿನಲ್ಲಿ ಓದುವ ಹಾಗೆ ಮಾಡಿದ್ದೆವು. ಗೆರೆಗೆ ದಾರ, ಚುಕ್ಕಿಗೆ ಮಣಿ. ಅವಳು ಅದರ ಮೇಲೆ ಕೈಯಾಡಿಸಿ, "ಇಲ್ಲಿ ತಿರುವು ಉಂಟು, ಮೊದಲೇ ಹೇಳುದಿಲ್ಲವಲ್ಲ" ಅಂದಳು. ಅಲ್ಲಿ ಇನ್ನೊಂದು ಸಾಲು ಮಣಿ ಬಂತು. ಗುಡಿಸುವ ಅಕ್ಕನನ್ನೂ ಕರೆದು ತೋರಿಸಿದೆವು. ಗೆರೆಗಳ ನಡುವೆ ನೀರು ನಿಂತರೆ ಪಾಚಿ ಕಟ್ಟುತ್ತದೆ, ಇಳಿಜಾರಿನ ಕಡೆಗೆ ಹರಿಯುವ ಹಾಗೆ ಇಡಿ ಅಂದರು. ಮುಂದೆ ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು, ಸ್ವತಃ ಗಾಲಿಕುರ್ಚಿ ಬಳಸುವವರು, ಕೇಳಿದ ಮೊದಲ ಪ್ರಶ್ನೆ ಇದು: "ಇದನ್ನು ತೊಳೆಯುವವರು ಯಾರು? ಅವರು ಏನು ಹೇಳಿದರು?"

ನಮಗೆ ಬಂದದ್ದು ಎರಡನೇ ಬಹುಮಾನ. ಬಹುಮಾನಕ್ಕಿಂತ ಆ ಪ್ರಶ್ನೆಯೇ ಜಾಸ್ತಿ ನೆನಪಿದೆ.

ಆ ದಿನಗಳಲ್ಲೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿತ್ತು. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದದ್ದು 21 ಆಯಿತು. ಕಾಲೇಜಿನ ಆಡಳಿತದವರ ಮುಂದೆ ನಕ್ಷೆ ಇಡುವಾಗ ನಮ್ಮ ದನಿಗೆ ಅದರಿಂದ ಬಲ ಬಂತು. ಲೈಬ್ರರಿಯಿಂದ ಆರ್ಟ್ಸ್ ಬ್ಲಾಕಿನವರೆಗಿನ ಹೆಂಚಿನ ಮಾಡು ನಾವು ಹೊರಗೆ ಬಂದ ಮೇಲೆ ಕಟ್ಟಿದರು. ಈಗ ಲ್ಯಾಬಿನವರು ಗಾಜಿನ ಸಾಮಾನಿನ ಟ್ರಾಲಿಯನ್ನು ಅದೇ ದಾರಿಯಲ್ಲಿ ತಳ್ಳುತ್ತಾರೆ. ಮಂಡಿನೋವಿನ ಲೆಕ್ಚರರುಗಳೂ ಅದೇ ದಾರಿ ಹಿಡಿಯುತ್ತಾರೆ.

ವಿದ್ಯಾರ್ಥಿಗಳ ಕೆಲಸ ಕಾಗದದಲ್ಲೇ ಉಳಿಯಬೇಕಾಗಿಲ್ಲ. ಮೊಣಕಾಲಿಗಿಂತ ಮೇಲಿನ ಅಡ್ಡಿಯನ್ನೂ ಕಂಪನದಿಂದ ತಿಳಿಸುವ ಕೋಲು 'ಸ್ಮಾರ್ಟ್‌ಕೇನ್' ಐಐಟಿ ದೆಹಲಿಯಲ್ಲಿ ವಿದ್ಯಾರ್ಥಿ ಪ್ರಾಜೆಕ್ಟಾಗಿಯೇ ಶುರುವಾದದ್ದು. 2014ರಲ್ಲಿ ಅದು ಜನರ ಕೈಗೆ ಬಂತು. ಬಹುಮಾನ ಕೊಡುವವರಲ್ಲಿ ನನ್ನದೊಂದು ಕೇಳಿಕೆ. ವರ್ಷ ಕಳೆದ ಮೇಲೆ ಫೋನ್ ಮಾಡಿ, ಅದು ಬಳಕೆಯಲ್ಲಿ ಉಂಟಾ ಅಂತ ಕೇಳಿ.

ಕ್ಯಾಂಟೀನಿಗೆ ಇಳಿಯುವ ಮೆಟ್ಟಿಲು ಇನ್ನೂ ಹಾಗೆಯೇ ಇದೆ. ಎತ್ತರ ಸುಮಾರು ಒಂದೂವರೆ ಮೀಟರ್, ಅಂದರೆ 18 ಮೀಟರ್ ರ‍್ಯಾಂಪು, ಜೊತೆಗೆ ನಡುವೆ ನಿಲ್ಲಲು ಸಮತಟ್ಟು ಜಾಗ. ಹಿಂದಿನ ಮಾವಿನಮರದ ಬದಿಯಲ್ಲಿ ತಿರುಗಿಸಿದರೆ ಅಷ್ಟೂ ಕೂರುತ್ತದೆ. ನಾನೀಗ ಉಡುಪಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವರ್ಷ ಯಾರಾದರೂ ಅದನ್ನು ಕೈಗೆತ್ತಿಕೊಳ್ಳುವುದಾದರೆ ಶನಿವಾರ ಮಧ್ಯಾಹ್ನ ಬನ್ನಿ, ಕೂತು ನೋಡುವ. ಬರುವಾಗ ಆ ದಾರಿಯಲ್ಲಿ ನಡೆಯಬೇಕಾದವರನ್ನೂ ಕರೆದುಕೊಂಡು ಬನ್ನಿ.