ಲೀ-ಎನ್‌ಫೀಲ್ಡ್: ಕೇಸ್ ತುಂಡಾಗುವುದೇಕೆ, ಮರ ಸೀಳುವುದೇಕೆ

ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್‌ನಂಥ ಹಳೆಯ ಮಿಲಿಟರಿ ರೈಫಲ್ ಕೈಗೆ ಬಂದರೆ ಮೊದಲು ಮರಳು ಕಾಗದ ಹುಡುಕುವವರೇ ಹೆಚ್ಚು. ಅದು ಹಾಗೇ ಇರಲಿ, ಮೊದಲು ಗುರುತುಗಳನ್ನು ಓದಿ. ನಳಿಗೆಯ ಹಿಂತುದಿಯನ್ನು ಮುಚ್ಚುವ, ಸರಿದಾಡುವ ಭಾಗವೇ ಬೋಲ್ಟ್. ಅದರ ಹಿಡಿಕೆಯ ಹಿಂಬದಿಯ ಸಂಖ್ಯೆಯೂ ರೈಫಲ್‌ನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಅದು ಇನ್ನೊಂದು ರೈಫಲ್‌ನ ಬೋಲ್ಟ್. ಅದನ್ನು ಬೀಗದಂತೆ ಹಿಡಿಯುವ ಉಬ್ಬುಗಳು, ಅಂದರೆ ಲಗ್‌ಗಳು, ಎರಡೂ ಕಡೆ ಸಮನಾಗಿ ಭಾರ ಹೊರುತ್ತಿವೆಯೇ ಎಂದು ತಿಳಿದವರಿಂದ ನೋಡಿಸುವವರೆಗೆ ಗುಂಡು ಹಾರಿಸಬೇಡಿ. ಲೋಹದ ಮೇಲೆ ‘ಡಿಪಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕವಾಯತಿಗೆಂದು ಇಳಿಸಿದ ರೈಫಲ್. ಅದನ್ನು ಗೋಡೆಗೆ ತೂಗುಹಾಕಿ, ಅಷ್ಟೇ.

ಇನ್ನು ಹೆಡ್‌ಸ್ಪೇಸ್. ಈ ರೈಫಲ್‌ನ .303 ತೋಟಾಕ್ಕೆ ಬುಡದಲ್ಲಿ ರಿಮ್, ಅಂದರೆ ಹೊರಚಾಚಿದ ಅಂಚು, ಇದೆ. ನಳಿಗೆಯ ಹಿಂತುದಿಗೂ ಬೋಲ್ಟ್‌ನ ಮುಖಕ್ಕೂ ನಡುವೆ ಆ ರಿಮ್ ಕೂರುವ ಜಾಗವೇ ಹೆಡ್‌ಸ್ಪೇಸ್. ಮಿಲಿಟರಿ ಲೆಕ್ಕದಲ್ಲಿ 0.064 ಇಂಚಿನ ಗೇಜ್ (ತೋಟಾದ ಜಾಗದಲ್ಲಿ ಇಡುವ ಅಳತೆಯ ತುಂಡು) ಮೇಲೆ ಬೋಲ್ಟ್ ಮುಚ್ಚಬೇಕು, 0.074 ಇಂಚಿನದರ ಮೇಲೆ ಮುಚ್ಚಬಾರದು. ಮುಚ್ಚುವಾಗ ಒಂದು ಬೆರಳಿನ ಒತ್ತಡ ಸಾಕು. ಜೋರು ಮಾಡಿದರೆ ಗೇಜ್ ಸುಳ್ಳು ಹೇಳುತ್ತದೆ. ಲೀ-ಎನ್‌ಫೀಲ್ಡ್‌ನ ನಂ. 4 ಮಾದರಿಯಲ್ಲಿ ಬೋಲ್ಟ್ ಹೆಡ್‌ಗಳಿಗೆ, ಅಂದರೆ ಬೋಲ್ಟ್‌ನ ಬದಲಿಸಬಹುದಾದ ಮುಂತುದಿಗಳಿಗೆ, 0ರಿಂದ 3ರವರೆಗೆ ಅಂಕಿ ಹಾಕಿರುತ್ತಾರೆ. ಒಂದು ಅಂಕಿ ಮೇಲೇರಿದರೆ ಜಾಗ ಸುಮಾರು 0.003 ಇಂಚು ಕಡಿಮೆಯಾಗುತ್ತದೆ. ನಂ. 1 ಮಾದರಿಯಲ್ಲಿ ಅಂಕಿಯಿಲ್ಲ, ಒಂದೊಂದಾಗಿ ಕೂರಿಸಿ ಅಳೆಯಬೇಕು.

ಗೇಜ್ ಸರಿಯಿದ್ದರೂ ಕೇಸ್, ಅಂದರೆ ತೋಟಾದ ಹಿತ್ತಾಳೆಯ ಕವಚ, ತುಂಡಾಗುತ್ತದೆ ಎಂಬ ದೂರು ಸಾಮಾನ್ಯ. ಬೋಲ್ಟ್ ಹೆಡ್ ಬದಲಿಸಿ ಬದಲಿಸಿ ಸುಸ್ತಾದವರಿದ್ದಾರೆ. ಕಾರಣ ಹೆಚ್ಚಾಗಿ ಅಲ್ಲಿಲ್ಲ, ಕೇಸ್‌ನ ಭುಜದಲ್ಲಿದೆ, ಅಂದರೆ ಅದು ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರಿನಲ್ಲಿ. ಕೆಸರು, ಧೂಳು ಅಂಟಿದ ತೋಟಾ ಕೂಡ ಒಳಹೋಗಲಿ ಎಂದು ಯುದ್ಧಕಾಲದ ಚೇಂಬರ್‌ಗಳನ್ನು (ನಳಿಗೆಯಲ್ಲಿ ತೋಟಾ ಕೂರುವ ಕುಳಿ) ಸಡಿಲವಾಗಿ ಕೊರೆದಿದ್ದರು. ಹಿಂದೆ ರಿಮ್ ಹಿಡಿದಿರುವುದರಿಂದ ಭುಜದ ಮುಂದೆ ಎಷ್ಟು ಖಾಲಿ ಜಾಗ ಇದ್ದರೂ ತೋಟಾ ಸಿಡಿಯುತ್ತದೆ. ಸಿಡಿದಾಗ ಹಿತ್ತಾಳೆಯ ಗೋಡೆ ಚೇಂಬರ್‌ಗೆ ಕಚ್ಚಿಕೊಳ್ಳುತ್ತದೆ, ಭುಜ ಮುಂದಕ್ಕೆ ಉಬ್ಬುತ್ತದೆ, ಬುಡ ಹಿಂದಕ್ಕೆ ಜರುಗುತ್ತದೆ. ಎಳೆತವೆಲ್ಲ ಬುಡದಿಂದ ಸ್ವಲ್ಪ ಮೇಲಿನ ಒಂದು ಸುತ್ತಿನ ಮೇಲೆ ಬೀಳುತ್ತದೆ. ಆಮೇಲೆ ಖಾಲಿ ಕೇಸ್‌ಗೆ ಮತ್ತೆ ಮದ್ದು ತುಂಬಲೆಂದು ನೀವು ಅದನ್ನು ಫುಲ್-ಲೆಂತ್ ಡೈಗೆ (ಇಡೀ ಕೇಸನ್ನು ಹಳೆಯ ಅಳತೆಗೆ ಒತ್ತುವ ಅಚ್ಚು) ಹಾಕಿ ಭುಜವನ್ನು ಹಿಂದಕ್ಕೆ ತಳ್ಳುತ್ತೀರಿ; ಮುಂದಿನ ಗುಂಡಿಗೆ ಅದೇ ಎಳೆತ ಮತ್ತೆ. ಕೆಲವೇ ಸಲಕ್ಕೆ ಹಿತ್ತಾಳೆ ಅಲ್ಲಿಯೇ ಹರಿಯುತ್ತದೆ, ಮುಂದಿನ ಭಾಗ ಚೇಂಬರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಭುಜವನ್ನು ಮುಟ್ಟಬೇಡಿ, ಕತ್ತನ್ನು ಮಾತ್ರ ಸೈಜ್ ಮಾಡಿ. ಒಂದು ರೈಫಲ್‌ನಲ್ಲಿ ಹಾರಿಸಿದ ಕೇಸ್ ಅದೇ ರೈಫಲ್‌ಗೆ ಮೀಸಲಾಗಿರಲಿ, ಬೇರೆ ಡಬ್ಬಿ, ಬೇರೆ ಚೀಟಿ. ಹೊಸ ಕೇಸ್‌ನ ಮೊದಲ ಗುಂಡಿಗೆ ರಿಮ್‌ನ ಮುಂದೆ ತೆಳುವಾದ ರಬ್ಬರ್ ಓ-ರಿಂಗ್ ಹಾಕುವ ಉಪಾಯವೂ ಇದೆ. ಅದು ಕೇಸ್‌ನ ಬುಡವನ್ನು ಬೋಲ್ಟ್‌ಗೆ ಒತ್ತಿ ಹಿಡಿಯುವುದರಿಂದ ಹಿಂದಕ್ಕೆ ಜರುಗಲು ಜಾಗವಿರುವುದಿಲ್ಲ. ಪ್ರತಿ ಸಲ ತುಂಬುವ ಮೊದಲು ಗಟ್ಟಿ ತಂತಿಯ ತುದಿಯನ್ನು ಚೂಪು ಮಾಡಿ, ಲಂಬವಾಗಿ ಬಗ್ಗಿಸಿ, ಕೇಸ್ ಒಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೋಡೆಗುಂಟ ಎಳೆಯಿರಿ. ಗೀರಿನಲ್ಲಿ ಸಿಕ್ಕಿದಂತೆ ತಡೆದರೆ ಆ ಕೇಸ್ ಗುಜರಿಗೆ. ಹೊರಗೆ ಹೊಳಪಿನ ಉಂಗುರ ಕಂಡರೂ ಅಷ್ಟೇ. ಕೇಸ್ ಉದ್ದ 2.222 ಇಂಚು ದಾಟಬಾರದು. ದಾಟುವ ಮುಂಚೆಯೇ 2.212ಕ್ಕೆ ಕತ್ತರಿಸಿ.

ಗುಂಡಿನ ವ್ಯಾಸ 0.311 ಅಥವಾ 0.312 ಇಂಚು. 0.308 ಇಲ್ಲಿ ಸಡಿಲ. ನಳಿಗೆಗಳೂ ಒಂದೇ ಅಳತೆಯವಲ್ಲ, ಮೆತ್ತನೆಯ ಸೀಸದ ಗುಂಡನ್ನು ನಳಿಗೆಯಲ್ಲಿ ತೂರಿಸಿ ಅಳೆಯುವುದೇ ದಾರಿ. ಒಳಗೆ ಐದು ಸುರುಳಿ ಗೀರುಗಳಿರುವ ನಳಿಗೆಯಲ್ಲಿ ಅವು ಎದುರುಬದುರು ಬರುವುದಿಲ್ಲ, ಸಾದಾ ಮೈಕ್ರೋಮೀಟರ್ ತಪ್ಪು ಅಳತೆ ತೋರಿಸುತ್ತದೆ. ಸವೆದ ನಳಿಗೆಗೆ ಚಪ್ಪಟೆ ಬುಡದ ಗುಂಡೇ ವಾಸಿ ಎಂಬುದು ನನ್ನ ಪಕ್ಷ. ಮದ್ದಿನ ಪ್ರಮಾಣವನ್ನು ಮದ್ದಿನ ತಯಾರಕರ ಈಗಿನ ಪಟ್ಟಿಯಿಂದ ಮಾತ್ರ ತೆಗೆದುಕೊಳ್ಳಿ, ಯಾರದೋ ಬಾಯಿಮಾತಿನಿಂದಲ್ಲ. ಮರುಭರ್ತಿಗೆ ಅನುಮತಿ ಇದೆಯೇ ಎಂಬುದೂ ದೇಶದಿಂದ ದೇಶಕ್ಕೆ ಬೇರೆ.

ಹಳೆಯ ಮಿಲಿಟರಿ ತೋಟಾಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಕೊಡುವ ಬುಡದ ಚಿಕ್ಕ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಕೂರುತ್ತದೆ. ಅದೊಂದು ಉಪ್ಪು, ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಚೇಂಬರ್ ಕಡೆಯಿಂದ ಲಾಳಿಕೆ ಇಟ್ಟು ಕುದಿಯುವ ನೀರು ಹೊಯ್ಯಬೇಕು. ಲೋಹ ಬಿಸಿಯಾಗಿರುವುದರಿಂದ ಬೇಗ ಒಣಗುತ್ತದೆ. ಒಣಬಟ್ಟೆ, ಎಣ್ಣೆ ಆಮೇಲೆ.

ಹೊರಗಿನ ಕೆಂಪು ತುಕ್ಕಿಗೆ ಎಣ್ಣೆ ಮತ್ತು 0000 ದರ್ಜೆಯ ಉಕ್ಕಿನ ನಾರು ಸಾಕು. ಆಳವಾದದ್ದಕ್ಕೆ ಜಿಡ್ಡು ಪೂರ್ತಿ ತೆಗೆದು ಭಾಗವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ. ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡ್ ಆಗುತ್ತದೆ, ಮೃದುವಾದ ತಂತಿ ಬ್ರಷ್‌ನಿಂದ ಉಜ್ಜಿದರೆ ಹುಡಿ ಉದುರಿ ಹಳೆಯ ಬಣ್ಣ ಉಳಿಯುತ್ತದೆ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ತುಕ್ಕಿನ ಜೊತೆ ಮುದ್ರೆಗಳೂ ಹೋಗುತ್ತವೆ.

ಮರ ಬಿಚ್ಚುವಾಗ ಆಗುವ ಅನಾಹುತಕ್ಕೆ ಒಂದೇ ಕಾರಣ: ಅವಸರ. ನಂ. 1ರಲ್ಲಿ ಹಿಂಬದಿಯ ಮರವನ್ನು ಹಿಡಿದಿರುವ ಉದ್ದದ ಬೋಲ್ಟ್‌ನ ಚೌಕ ತುದಿ ಮುಂಬದಿಯ ಮರದಲ್ಲಿರುವ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಮುಂಬದಿಯ ಮರವನ್ನು ಮೊದಲು ತೆಗೆಯದೆ ಆ ಬೋಲ್ಟ್ ತಿರುಗಿಸಿದರೆ ಮರ ಸೀಳುತ್ತದೆ. ಯಾವ ಮಾದರಿಯಾದರೂ ಮುಂಬದಿಯ ಮರ ಮೊದಲು ಎಂಬ ಅಭ್ಯಾಸವಿರಲಿ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಗೀರನ್ನು ಸರಿಯಾಗಿ ತುಂಬುವಂತಿರಲಿ.

ಮರ ಸೀಳುವ ಇನ್ನೊಂದು ಜಾಗ ಮುಂಬದಿಯ ಮರದ ಹಿಂತುದಿ. ಹಿಂದೊದೆತವನ್ನು ಹೊರುವ ಮುಖಗಳು ಅಲ್ಲಿವೆ. ದಶಕಗಳ ಕಾಲ ಒಣಗಿ ಕುಗ್ಗಿದ ಮರ ಒಂದೇ ಕಡೆ ತಗುಲಿದರೆ ಹೊಡೆತವೆಲ್ಲ ಅಲ್ಲಿಗೇ. ಕೆಟ್ಟ ಭಾಗವನ್ನು ಚೌಕವಾಗಿ ಕತ್ತರಿಸಿ, ಗಟ್ಟಿಮರದ ತುಂಡನ್ನು ಎಪಾಕ್ಸಿಯಿಂದ ಅಂಟಿಸಿ, ಲೋಹಕ್ಕೆ ಮಸಿ ಹಚ್ಚಿ ಎರಡೂ ಕಡೆ ಸಮನಾಗಿ ಗುರುತು ಬೀಳುವವರೆಗೆ ಸ್ವಲ್ಪ ಸ್ವಲ್ಪವೇ ಕೆತ್ತಿ. ಮುಂದಿನ ಟ್ರಿಗರ್-ಗಾರ್ಡ್ ಸ್ಕ್ರೂ ಬಿಗಿಯಾದರೂ ಮರ ಅಲ್ಲಾಡಿದರೆ, ಮರ ಕುಗ್ಗಿ ಒಳಗಿನ ಕಾಲರ್ (ಸ್ಕ್ರೂ ಹಾಯುವ ಲೋಹದ ಕೊಳವೆ) ಉದ್ದವಾಗಿದೆ ಎಂದರ್ಥ. ಕಾಲರ್ ಅನ್ನು ಕೂದಲೆಳೆಯಷ್ಟು ಉಜ್ಜಿ.

ಮೇಲ್ಮೈಯ ತಗ್ಗುಗಳಿಗೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ, ಹಬೆಗೆ ನಾರು ಉಬ್ಬುತ್ತದೆ. ಹಳೆಯ ಜಿಡ್ಡಿಗೆ ಸೀಮೆಸುಣ್ಣದ ಪುಡಿಯನ್ನು ಟರ್ಪೆಂಟೈನ್‌ನಲ್ಲಿ ಕಲಸಿ ಲೇಪಿಸಿ, ಒಣಗಿದ ಮೇಲೆ ಉದುರಿಸಿ. ಕೊನೆಗೆ ಅಗಸೆ ಎಣ್ಣೆ, ತೆಳುವಾಗಿ, ಪ್ರತಿ ಸಲವೂ ಉಳಿದದ್ದನ್ನು ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಜೋಡಿಸಿದ ಮೇಲೆ ನಂ. 4ರ ನಳಿಗೆಯ ತುದಿಯನ್ನು ಬೆರಳಿನಿಂದ ಮೇಲೆತ್ತಿ ನೋಡಿ. ಮುಂಬದಿಯ ಮರದ ತುದಿಯಿಂದ ಅದು ಸುಮಾರು 3ರಿಂದ 5 ಪೌಂಡ್ ಒತ್ತಡಕ್ಕೆ ಬಿಡಬೇಕು. ಒತ್ತಡವೇ ಇಲ್ಲದಿದ್ದರೆ, ಅಥವಾ ನಳಿಗೆ ಪಕ್ಕಕ್ಕೆ ತಾಗಿ ನಿಂತಿದ್ದರೆ, ನಳಿಗೆ ಬಿಸಿಯಾದಂತೆ ಗುಂಡುಗಳು ಗುರಿಯಿಂದ ಜರುಗುತ್ತ ಹೋಗುತ್ತವೆ. ಆಗ ಮತ್ತೆ ಬಿಚ್ಚಿ ಹಿಂತುದಿಯ ಮುಖಗಳನ್ನೇ ಮೊದಲು ನೋಡಿ. ಮುಂತುದಿಯನ್ನು ಕೆತ್ತುವುದು ಕೊನೆಯ ಕೆಲಸ.