ಹೊಸ ಪ್ರಭೇದ ಹುಟ್ಟಿದ್ದನ್ನು ಯಾರಾದರೂ ನೋಡಿದ್ದಾರಾ?

ಜೀವವಿಕಾಸದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಲ್ಲಾ ಸರಿ, ಒಂದು ಪ್ರಭೇದ ಎರಡಾಗಿದ್ದನ್ನು ಕಣ್ಣಾರೆ ಕಂಡವರು ಇದ್ದಾರಾ?" ಕೇಳಬೇಕಾದ ಪ್ರಶ್ನೆಯೇ. ಉತ್ತರವಾಗಿ ನಾನು ಒಂದು ನೊಣದ ಕಥೆ ಹೇಳುತ್ತೇನೆ.

ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಹಾಥಾರ್ನ್ ಎಂಬ ಮುಳ್ಳಿನ ಮರ ಇದೆ. ಅದರ ಪುಟ್ಟ ಕೆಂಪು ಹಣ್ಣಿನಲ್ಲಿ ಮೊಟ್ಟೆ ಇಡುವ ನೊಣದ ಹೆಸರು ರಾಗೊಲೆಟಿಸ್ ಪೊಮೊನೆಲ್ಲಾ. ನಾವು ತಿನ್ನುವ ಸೇಬು ಅಲ್ಲಿ ಇರಲಿಲ್ಲ. 17ನೇ ಶತಮಾನದಲ್ಲಿ ಯುರೋಪಿನಿಂದ ಹೋದವರು ತಂದು ನೆಟ್ಟರು. 19ನೇ ಶತಮಾನದ ಮಧ್ಯಕ್ಕೆ ನ್ಯೂಯಾರ್ಕ್‌ನ ಹಡ್ಸನ್ ಕಣಿವೆಯ ಸೇಬುಗಳಲ್ಲಿ ಈ ನೊಣದ ಹುಳು ಕಾಣಿಸಿಕೊಂಡಿತು. ಇಲ್ಲೊಂದು ಹೊಸ ಪ್ರಭೇದ ರೂಪುಗೊಳ್ಳುತ್ತಿರಬಹುದು ಎಂದು ಬೆಂಜಮಿನ್ ವಾಲ್ಶ್ ಎಂಬ ಕೀಟತಜ್ಞ 1860ರ ದಶಕದಲ್ಲೇ ಬರೆದ.

ಸೇಬು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ರೆಕ್ಕೆ ಬಂದ ಮೇಲೆ ನೊಣ ಬದುಕುವುದು ಹೆಚ್ಚೆಂದರೆ ತಿಂಗಳು. ಹಾಗಾಗಿ ಮಣ್ಣಿನಿಂದ ಬೇಗ ಎದ್ದು ಬಂದದ್ದಕ್ಕೆ ಸೇಬು ಸಿಗುತ್ತದೆ, ತಡವಾದದ್ದಕ್ಕೆ ಇಲ್ಲ. ಇನ್ನೊಂದು ಪರೀಕ್ಷೆಯೂ ಇದೆ. ಸೇಬು ಬೇಗ ಉದುರುವುದರಿಂದ ಅದರೊಳಗಿನ ಹುಳು ನೆಲ ಇನ್ನೂ ಬೆಚ್ಚಗಿರುವಾಗಲೇ ಮಣ್ಣು ಸೇರಿ ಕೋಶವಾಗುತ್ತದೆ. ಆ ಬಿಸಿಗೆ ಚಳಿಗಾಲಕ್ಕೆ ಮೊದಲೇ ಎಚ್ಚರಗೊಂಡದ್ದು ಸಂತಾನವಿಲ್ಲದೆ ಸಾಯುತ್ತದೆ. ಗಾಢವಾಗಿ ಮಲಗಿದ್ದದ್ದು ಮುಂದಿನ ವರ್ಷ ಎದ್ದು ಮೊಟ್ಟೆ ಇಡುತ್ತದೆ, ಅದರ ಗುಣ ಮರಿಗಳಿಗೂ ಬರುತ್ತದೆ. ನಿಸರ್ಗದ ಆಯ್ಕೆ ಎಂದರೆ ಇದೇ. ಕೂತು ಆರಿಸುವವರು ಯಾರೂ ಇಲ್ಲ.

ಆದರೆ ಎರಡೂ ಗುಂಪು ಸುಮ್ನೆ ಬೆರೆಯುತ್ತಾ ಇದ್ದರೆ ಈ ವ್ಯತ್ಯಾಸ ಅಳಿಸಿಹೋಗಬೇಕಿತ್ತು, ಅಲ್ವಾ? ಇಲ್ಲಿದೆ ನನಗೆ ತುಂಬಾ ಇಷ್ಟವಾದ ಸಂಗತಿ: ಈ ನೊಣಗಳು ಜೋಡಿಯಾಗುವುದೂ ಹಣ್ಣಿನ ಮೇಲೆಯೇ. ಸೇಬಿನ ವಾಸನೆ ಹಿಡಿದು ಬಂದದ್ದಕ್ಕೆ ಜಾಸ್ತಿ ಸಿಗುವುದು ಸೇಬಿನಲ್ಲೇ ಬೆಳೆದ ಸಂಗಾತಿ. ನಡುವೆ ಬೆಟ್ಟವೂ ಬೇಕಾಗಲಿಲ್ಲ, ಸಮುದ್ರವೂ ಬೇಕಾಗಲಿಲ್ಲ. ಎರಡೂ ಗುಂಪುಗಳ ಜೀನ್‌ಗಳಲ್ಲೇ ವ್ಯತ್ಯಾಸ ಇದೆ ಎಂಬುದು 1988ರಲ್ಲಿ ಪ್ರಕಟವಾಯಿತು.

ಹಾಗಾದರೆ ಪೂರ್ತಿ ಬೇರೆಯಾಗಿವೆಯಾ? ಇನ್ನೂ ಇಲ್ಲ. ಪೀಳಿಗೆಗೆ ಸುಮಾರು ಶೇ. 4ರಿಂದ 6ರಷ್ಟು ಬೆರಕೆ ನಡೆಯುತ್ತಿದೆ. ನಾನು ಇದೇ ಉದಾಹರಣೆ ಕೊಡುವುದು ಅದಕ್ಕಾಗಿಯೇ. ಪ್ರಭೇದ ಇಂಥ ದಿನ ಹುಟ್ಟಿತು ಎನ್ನಲಾಗುವುದಿಲ್ಲ, ಇಲ್ಲಿ ಅದು ಅರ್ಧ ದಾರಿಯಲ್ಲಿರುವುದನ್ನು ನೋಡಬಹುದು. ನೊಣದ ಹಿಂದೆಯೇ ಇನ್ನೊಂದು ಜೀವಿಯೂ ಹೊರಟಿದೆ. ಈ ಹುಳುಗಳ ಮೈಯಲ್ಲಿ ಮೊಟ್ಟೆಯಿಟ್ಟು ಬದುಕುವ ಸಣ್ಣ ಕಣಜವೊಂದಿದೆ. ಅದರಲ್ಲೂ ಸೇಬಿನದು, ಹಾಥಾರ್ನಿನದು ಎಂದು ಎರಡು ಗುಂಪು ಆಗುತ್ತಿರುವುದನ್ನು 2009ರಲ್ಲಿ ವಿಜ್ಞಾನಿಗಳು ತೋರಿಸಿದರು.