ಅಜ್ಜನ ಕಂಬಳಿಯಿಂದ ಒಂದು ಕರಡಿ

ನನ್ನ ತಮ್ಮನ ಮನೆ ಜೋಯಿಡಾದಲ್ಲಿ. ಅವನ ಮಗಳಿಗೆ ಐದು ವರ್ಷ. ಹೋದ ದೀಪಾವಳಿಗೆ ಅವಳಿಗೆಂದು ಶಿರಸಿಯಿಂದ ಒಂದು ಟೆಡ್ಡಿ ಹೊಲಿದುಕೊಂಡು ಹೋಗಿದ್ದೆ. ಕಂದು ಫರ್ ಬಟ್ಟೆ, ಗುಂಡು ಮುಖ, ಕುತ್ತಿಗೆಗೆ ಕೆಂಪು ರಿಬ್ಬನ್. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅತ್ತೆ, ಕರಡಿ ಹೀಗಿರೋದಿಲ್ಲ. ಕಪ್ಪಗಿರ್ತದೆ. ಎದೆ ಮೇಲೆ ಬಿಳಿ ಇರ್ತದೆ. ಮರಿ ಬೆನ್ನ ಮೇಲೆ ಕೂತಿರ್ತದೆ."

ಒಂದು ಸಂಜೆ ಅಪ್ಪನ ಜೊತೆ ಬರುವಾಗ ರಸ್ತೆ ದಾಟುವ ತಾಯಿ ಕರಡಿಯನ್ನು ಅವಳು ಕಣ್ಣಾರೆ ನೋಡಿದ್ದಳು. ಬೆನ್ನ ಮೇಲೆ ಎರಡು ಮರಿ. ಅವಳು ಹೇಳಿದ್ದೇ ಸರಿ. ಕಾಳಿ ಕಾಡಿನ ಪಕ್ಕದಲ್ಲೇ ಬೆಳೆಯುವ ಮಗುವಿಗೆ ನಾನು ಕೊಟ್ಟಿದ್ದು ಯಾವುದೋ ದೇಶದ ಕರಡಿ.

ಹಾಗೆ ನೋಡಿದರೆ ಟೆಡ್ಡಿ ಹುಟ್ಟಿದ್ದೂ ನಿಜವಾದ ಒಂದು ಕರಡಿಯಿಂದಲೇ. 1902ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿಸ್ಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ, ಮರಕ್ಕೆ ಕಟ್ಟಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು. ಅದನ್ನು ನೋಡಿ ಬ್ರೂಕ್ಲಿನ್‌ನ ಮಿಚ್‌ಟಮ್ ದಂಪತಿ ಬಟ್ಟೆಯ ಕರಡಿ ಹೊಲಿದು, ಅದಕ್ಕೆ ಅಧ್ಯಕ್ಷರ ಮುದ್ದಿನ ಹೆಸರು 'ಟೆಡ್ಡಿ' ಎಂದೇ ಇಟ್ಟು ಮಾರಿದರು. ಅದೂ ಅಲ್ಲಿನ ಕಪ್ಪು ಕರಡಿಯೇ. ಹಾಗಿದ್ದರೆ ನಮ್ಮ ಕರಡಿಗೂ ಒಂದು ಪ್ಯಾಟರ್ನ್ ಇರಬೇಕು, ಅಲ್ವಾ?

ಬಟ್ಟೆಗೆ ಜಾಸ್ತಿ ಹುಡುಕಲಿಲ್ಲ. ಮಳೆಗಾಲದಲ್ಲಿ ಅಜ್ಜ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದ ಕರಿ ಕಂಬಳಿ ಅಟ್ಟದ ಮೇಲಿತ್ತು. ಅಲ್ಲಲ್ಲಿ ತೂತು ಬಿದ್ದಿತ್ತು. ಕತ್ತರಿ ಹಾಕಲು ಮಾತ್ರ ಎರಡು ದಿನ ಕೈ ಬರಲಿಲ್ಲ. ಮೂರನೆಯ ದಿನ ಅಮ್ಮ ತಾನೇ ಕಂಬಳಿಯನ್ನು ನನ್ನ ಮುಂದೆ ಹಾಸಿ, ತೂತು ತಪ್ಪಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

ಹಳೆಯ ಪ್ಯಾಟರ್ನನ್ನೇ ತಿದ್ದಿದೆ. ಟೆಡ್ಡಿಯ ತಲೆಗೆ ಮೂರು ತುಂಡು. ಎರಡು ಕೆನ್ನೆ, ನಡುವೆ ಮೂಗಿನಿಂದ ಹಿಂದಲೆವರೆಗೆ ಹೋಗುವ ಒಂದು ಪಟ್ಟಿ. ಮುಖದ ಗುಣವೆಲ್ಲ ಆ ಪಟ್ಟಿಯಲ್ಲಿದೆ. ಅದು ಅಗಲವಾದರೆ ಮುಖ ಗುಂಡಗಾಗುತ್ತದೆ, ಕಿರಿದಾದರೆ ಚೂಪು. ನಮ್ಮ ಕರಡಿಯ ಮೂತಿ ಉದ್ದ. ಹಾಗಾಗಿ ಕೆನ್ನೆಯನ್ನೂ ಪಟ್ಟಿಯನ್ನೂ ಒಂದೊಂದು ಇಂಚು ಮುಂದಕ್ಕೆ ಎಳೆದೆ. ಮೊದಲು ಹಳೆ ಸೀರೆ ಬಟ್ಟೆಯಲ್ಲಿ ಹೊಲಿದು ನೋಡಿದೆ. ಹಂದಿಯ ಹಾಗೆ ಕಾಣಿಸಿತು. ಮೂಗಿನ ತುದಿಯಲ್ಲಿ ಪಟ್ಟಿ ಇನ್ನಷ್ಟು ಅಗಲ ಬೇಕಿತ್ತು. ಮೂರನೆಯ ಸಲಕ್ಕೆ ಸರಿಯಾಯಿತು.

ಫರ್ ಬಟ್ಟೆಯಲ್ಲಿ ಕೂದಲು ಯಾವ ಕಡೆ ಮಲಗಿದೆ ನೋಡಿ, ಬರೀ ಹಿಂಬದಿಯ ನೇಯ್ಗೆಯನ್ನು ಕತ್ತರಿ ತುದಿಯಿಂದ ಬಿಡಿಸಬೇಕು. ಕಂಬಳಿಗೆ ಆ ತಾಪತ್ರಯ ಇಲ್ಲ. ಆದರೆ ಎಳೆ ಬಿಟ್ಟುಕೊಳ್ಳುತ್ತದೆ. ಅಂಚಿಗೆ ಕಾಲು ಇಂಚಿನ ಬದಲು ಅರ್ಧ ಇಂಚು ಬಿಟ್ಟೆ. ಮಷಿನ್‌ಗೆ 18ನೇ ನಂಬರಿನ ದಪ್ಪ ಸೂಜಿ ಹಾಕಿದೆ.

ತುಂಬಲು ಬೂರುಗದ ಹತ್ತಿ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಆರಿಸಿಟ್ಟಿದ್ದೆ. ಜಡಿಮಳೆಯಲ್ಲಿ ಅದು ತಣ್ಣಗಾಗಿಬಿಟ್ಟಿತ್ತು. ಬುಟ್ಟಿಗೆ ಬಟ್ಟೆ ಮುಚ್ಚಿ, ಬಚ್ಚಲ ಒಲೆಯಿಂದ ದೂರದಲ್ಲಿಟ್ಟು ನಾಲ್ಕು ದಿನ ಒಣಗಿಸಿದೆ. ಫ್ಯಾನ್ ಹಾಕುವ ಹಾಗಿಲ್ಲ, ಮನೆಯೆಲ್ಲ ಹಾರುತ್ತದೆ. ಈ ಹತ್ತಿ ಹೊಟ್ಟೆಗೆ ಚೆನ್ನ, ಮೂತಿಗೆ ಅಲ್ಲ. ಒತ್ತಿದರೆ ಒಳಗೆ ಹೋಗಿಬಿಡುತ್ತದೆ. ಮೂತಿಗೆ ಕಂಬಳಿಯ ಚೂರುಗಳನ್ನೇ ಸಣ್ಣಗೆ ಕತ್ತರಿಸಿ, ಪೆನ್ಸಿಲ್ ಹಿಂಬದಿಯಿಂದ ಗಟ್ಟಿಯಾಗಿ ತುಂಬಿದೆ.

ಕೈಕಾಲಿಗೆ ಒಳಗಿನಿಂದ ಕೋಟಿನ ಗುಂಡಿ ಕೊಟ್ಟು, ಚಪ್ಪಲಿ ಹೊಲಿಯುವ ದಾರದಲ್ಲಿ ಬಿಗಿದೆ. ಈಗ ಕೂರುತ್ತದೆ, ಕೈ ಎತ್ತುತ್ತದೆ. ಎದೆಗೆ ಅಜ್ಜನ ಪಂಚೆಯ ಬಿಳಿ ತುಂಡು, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಮೂತಿಗೂ ಅದೇ. ಹುತ್ತ ಅಗೆಯುವ ಪ್ರಾಣಿ ಅಲ್ವಾ, ಪಂಜಕ್ಕೆ ಐದೈದು ಉದ್ದ ಉಗುರು ಕಸೂತಿ ಹಾಕಿದೆ. ಕಣ್ಣನ್ನೂ ದಾರದಲ್ಲೇ ತುಂಬಿದೆ. ಗುಂಡಿ ಕಿತ್ತು ಬಂದರೆ ಮಗು ಬಾಯಿಗೆ ಹಾಕಿಕೊಳ್ಳಬಹುದು.

ಮೊದಲ ಮರಿ ಸಿದ್ಧವಾಗಿದೆ. ಟಿಚ್ ಬಟನ್ ಒತ್ತಿದರೆ ತಾಯಿಯ ಬೆನ್ನಿಗೆ ಕೂರುತ್ತದೆ. ನಿನ್ನೆ ಫೋನಿನಲ್ಲಿ ತೋರಿಸಿದೆ. "ಇನ್ನೊಂದು ಮರಿ ಎಲ್ಲಿ ಅತ್ತೆ?" ಅಂದಳು. ಅದರ ಕಿವಿ ಹೊಲಿಯುವುದು ಬಾಕಿ ಇದೆ. ಕಂಬಳಿ ಅಷ್ಟಕ್ಕೆ ಸಾಕಾಗುತ್ತದೆ.